ಕೆರೆ ಏರಿಯ ಮೇಲೊಂದು ನೋಟ್‌ಬುಕ್: ಪರಿಸರದ ಇಂಗ್ಲಿಷ್ ಪದಗಳನ್ನು ಕಲಿಯುವ ಕ್ರಮ

ಪರಿಸರಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ, ಎಡಕ್ಕೆ ಇಂಗ್ಲಿಷ್ ಬಲಕ್ಕೆ ಕನ್ನಡ ಎಂದು ಗೆರೆ ಹೊಡೆದ ಪಟ್ಟಿಯೊಂದನ್ನು ಬಾಯಿಪಾಠ ಮಾಡುವುದು. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದವರು, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವವರು, ಕಾಡಂಚಿನ ಹೋಂಸ್ಟೇಗಳಲ್ಲಿ ಪ್ರವಾಸಿಗರಿಗೆ ಕಾಡು ತೋರಿಸುವವರು, ಎಲ್ಲರೂ ಇದೇ ದಾರಿ ಹಿಡಿದು, ನೂರು ಪದ ದಾಟುವ ಹೊತ್ತಿಗೆ ಬೇಸತ್ತು ಬಿಟ್ಟುಬಿಡುತ್ತಾರೆ. ನಾನೂ ಹಾಗೆ ಬಿಟ್ಟವನೇ. 'ಹರ್ಬಿವೋರ್' ಎಂದರೆ ಸಸ್ಯಾಹಾರಿ ಎಂದು ಪಟ್ಟಿಯಲ್ಲಿತ್ತು. 'ವೆಜಿಟೇರಿಯನ್' ಎಂದರೂ ಸಸ್ಯಾಹಾರಿಯೇ ಎಂಬುದು ಹೋಟೆಲಿನ ಬೋರ್ಡುಗಳಿಂದ ಮೊದಲೇ ಗೊತ್ತಿತ್ತು. ಹೀಗಾಗಿ ಕಾಲೇಜಿನ ಪರೀಕ್ಷೆಯೊಂದರಲ್ಲಿ ಜಿಂಕೆಯು ವೆಜಿಟೇರಿಯನ್ ಪ್ರಾಣಿ ಎಂದು ನಿಶ್ಚಿಂತೆಯಿಂದ ಬರೆದಿದ್ದೆ. ವೆಜಿಟೇರಿಯನ್ ಎಂಬುದು ಮಾಂಸ ಬೇಡವೆಂದು ತೀರ್ಮಾನಿಸಿದ ಮನುಷ್ಯನಿಗೆ ಸಲ್ಲುವ ಮಾತು. ಜಿಂಕೆ ಅಂಥ ಯಾವ ತೀರ್ಮಾನವನ್ನೂ ಮಾಡಿರುವುದಿಲ್ಲ. ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣಿಸುವುದಿಲ್ಲ, ಏಕೆಂದರೆ ಪಟ್ಟಿಗೆ ಅರ್ಥ ಮಾತ್ರ ಗೊತ್ತು. ಪದ ಯಾರ ಜೊತೆ ಓಡಾಡುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬುದು ಗೊತ್ತಿಲ್ಲ.

ಆದ್ದರಿಂದ ಇಲ್ಲಿ ಸೂಚಿಸುವ ಕ್ರಮ ಪಟ್ಟಿಯಿಂದಲ್ಲ, ನೀವು ನಿತ್ಯ ನೋಡುವ ಒಂದು ಜಾಗದಿಂದ ಆರಂಭವಾಗುತ್ತದೆ. ಬೇಕಾಗುವ ಸಾಮಗ್ರಿ ಒಂದು ನೋಟ್‌ಬುಕ್ ಮತ್ತು ಕಲಿಯುವವರಿಗಾಗಿಯೇ ಸಿದ್ಧಪಡಿಸಿದ, ಉದಾಹರಣೆ ವಾಕ್ಯಗಳಿರುವ ಒಂದು ಇಂಗ್ಲಿಷ್ ನಿಘಂಟು, ಇಷ್ಟೇ. ಈ ಲೇಖನದಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಅವುಗಳ ಕಾಗುಣಿತವನ್ನು ನೀವೇ ನಿಘಂಟಿನಲ್ಲಿ ಹುಡುಕಿ ಬರೆದುಕೊಳ್ಳಬೇಕು; ಹುಡುಕುವ ಆ ಶ್ರಮವೂ ಕಲಿಕೆಯ ಭಾಗವೇ.

ಮೊದಲ ಹೆಜ್ಜೆ: ಒಂದು ಜಾಗವನ್ನು ಆರಿಸಿಕೊಳ್ಳಿ

ಊರಿಗೊಂದು ಕೆರೆಯಾದರೂ ಇರುವ ಬಯಲುಸೀಮೆಯವರಿಗೆ ಕೆರೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಏರಿಯ ಮೇಲೆ ನಿಂತು, ಕಣ್ಣಿಗೆ ಬಿದ್ದ ಪ್ರತಿಯೊಂದನ್ನೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ: ಏರಿ, ತೂಬು, ಕೋಡಿ, ಹೂಳು, ಜೊಂಡು, ಪಾಚಿ, ಅಚ್ಚುಕಟ್ಟು. ಇಷ್ಟು ಬರೆದ ಮೇಲೆ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಹುಡುಕಿದರೆ, ಏರಿ 'ಬಂಡ್' ಆಗುತ್ತದೆ, ತೂಬು 'ಸ್ಲೂಸ್', ಕೋಡಿ 'ವೇಸ್ಟ್ ವಿಯರ್', ಹೂಳು 'ಸಿಲ್ಟ್', ಅಚ್ಚುಕಟ್ಟು 'ಕಮಾಂಡ್ ಏರಿಯಾ'. ಮಳೆನೀರು ಯಾವ ಯಾವ ದಿಬ್ಬಗಳಿಂದ ಇಳಿದು ಕೆರೆ ಸೇರುತ್ತದೋ ಆ ಇಡೀ ಪ್ರದೇಶ 'ಕ್ಯಾಚ್‌ಮೆಂಟ್'. ಹೂಳೆತ್ತುವುದಕ್ಕೆ 'ಡಿಸಿಲ್ಟಿಂಗ್' ಎಂಬ ಪದ ಸಿಕ್ಕಾಗ, ಸಿಲ್ಟ್ ಎಂಬ ನಾಮಪದದ ಮುಂದೆ 'ಡಿ' ಸೇರಿಸಿ 'ತೆಗೆದುಹಾಕು' ಎಂಬ ಅರ್ಥವನ್ನು ಇಂಗ್ಲಿಷ್ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ತಾನಾಗಿಯೇ ಕಾಣುತ್ತದೆ.

ಕೆರೆಗೇ ಏನೆನ್ನಬೇಕು? ಇಲ್ಲೊಂದು ತೊಡಕಿದೆ. ನಮ್ಮ ನೀರಾವರಿ ಇಲಾಖೆಯ ಕಡತಗಳಲ್ಲಿ ಕೆರೆ ಎಂದರೆ 'ಟ್ಯಾಂಕ್'. ಇದು ಭಾರತದ ಇಂಗ್ಲಿಷ್. ಅಮೆರಿಕದವರೊಬ್ಬರಿಗೆ ನಮ್ಮೂರ ಟ್ಯಾಂಕ್ ಐನೂರು ವರ್ಷ ಹಳೆಯದು ಎಂದು ಹೇಳಿದರೆ, ಅವರು ಮಹಡಿಯ ಮೇಲಿನ ನೀರಿನ ತೊಟ್ಟಿಯನ್ನೋ ಯುದ್ಧದ ಟ್ಯಾಂಕನ್ನೋ ಕಲ್ಪಿಸಿಕೊಂಡು ಬೆರಗಾಗುತ್ತಾರೆ. 'ಲೇಕ್' ಎಂದರೆ ಅವರಿಗೆ ತಿಳಿಯುತ್ತದೆ, ಆದರೆ ಆ ಪದ ಸಾಮಾನ್ಯವಾಗಿ ತಾನಾಗಿ ಉಂಟಾದ ಸರೋವರವನ್ನು ನೆನಪಿಗೆ ತರುತ್ತದೆಯೇ ಹೊರತು, ಹಳ್ಳಕ್ಕೆ ಅಡ್ಡಲಾಗಿ ಮನುಷ್ಯರು ಏರಿ ಕಟ್ಟಿದ ಸಂಗತಿಯನ್ನು ಹೇಳುವುದಿಲ್ಲ. ನನ್ನ ಸಲಹೆ ಇದು: ಇಲ್ಲಿಯವರಿಗೆ ಬರೆಯುವಾಗ ಟ್ಯಾಂಕ್ ಎಂದೇ ಬರೆಯಿರಿ, ಹೊರಗಿನವರಿಗೆ ಬರೆಯುವಾಗ ಮೊದಲ ಸಲ 'ಇರಿಗೇಷನ್ ಟ್ಯಾಂಕ್' ಎಂದು ಹೇಳಿ, ಅದು ಮನುಷ್ಯರು ಕಟ್ಟಿದ ಜಲಾಶಯ ಎಂದು ಒಂದು ವಾಕ್ಯದಲ್ಲಿ ವಿವರಿಸಿ ಮುಂದೆ ಹೋಗಿ.

ನೀರಿನ ಹಕ್ಕಿಗಳ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಉದ್ದ ಕಾಲಿನ, ಉದ್ದ ಕೊಕ್ಕಿನ ಹಕ್ಕಿಯನ್ನು ನಾವು ಕೊಕ್ಕರೆ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಇದು 'ಸ್ಟಾರ್ಕ್' ಆಗಬಹುದು, 'ಹೆರನ್' ಆಗಬಹುದು, ಬೆಳ್ಳಕ್ಕಿಯಾದರೆ 'ಈಗ್ರೆಟ್'. ವ್ಯತ್ಯಾಸ ತಿಳಿಯಲು ಹಕ್ಕಿ ಹಾರುವವರೆಗೆ ಕಾದರೆ ಸಾಕು: ಸ್ಟಾರ್ಕ್ ಕತ್ತನ್ನು ಮುಂದಕ್ಕೆ ಚಾಚಿ ಹಾರುತ್ತದೆ, ಹೆರನ್ ಮತ್ತು ಈಗ್ರೆಟ್‌ಗಳು ಕತ್ತನ್ನು ಮಡಿಸಿಕೊಂಡು ಹಾರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೆ ಗೂಡು ಕಟ್ಟುವ 'ಪೇಂಟೆಡ್ ಸ್ಟಾರ್ಕ್' ಮತ್ತು ಹೆಜ್ಜಾರ್ಲೆ, ಅಂದರೆ 'ಪೆಲಿಕನ್', ಇವೆರಡನ್ನೂ ಒಂದೇ ನೋಟದಲ್ಲಿ ಕಾಣಬಹುದು. ಹೀಗೆ ಕಣ್ಣಾರೆ ಕಂಡು ಕಲಿತ ಹೆಸರು ಮರೆಯುವುದಿಲ್ಲ. ಮಿಂಚುಳ್ಳಿ 'ಕಿಂಗ್‌ಫಿಷರ್', ನೀರುಕಾಗೆ 'ಕಾರ್ಮೊರಂಟ್' ಎಂಬಲ್ಲಿ ಅಂಥ ಗೊಂದಲವಿಲ್ಲ.

ಬೆಂಗಳೂರಿನವರಿಗೆ ಕೆರೆ ಬೇರೊಂದು ಪದಕೋಶವನ್ನೇ ಕಲಿಸುತ್ತದೆ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದು ಸುದ್ದಿಯಾಯಿತು. 2017ರ ಫೆಬ್ರವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಆ ವರದಿಗಳನ್ನು ಓದುವವರು 'ಸೂಯೇಜ್', 'ಸೂಯರೇಜ್', 'ಎಫ್ಲುಯೆಂಟ್' ಎಂಬ ಮೂರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಮೊದಲನೆಯದು ಮನೆಗಳಿಂದ ಬರುವ ಕೊಳಚೆ ನೀರು; ಎರಡನೆಯದು ಆ ನೀರನ್ನು ಸಾಗಿಸುವ ಒಳಚರಂಡಿ ವ್ಯವಸ್ಥೆ; ಮೂರನೆಯದು ಕಾರ್ಖಾನೆಯಿಂದಲೋ ಶುದ್ಧೀಕರಣ ಘಟಕದಿಂದಲೋ ಹೊರಬಿಡುವ ನೀರು. ಕೊಳಚೆಯೊಡನೆ ಬರುವ ಸಾರಜನಕ ಮತ್ತು ರಂಜಕದಿಂದ ಪಾಚಿ, ಜಲಕಳೆಗಳು ಮಿತಿಮೀರಿ ಬೆಳೆದು, ಅವು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುವ ಪ್ರಕ್ರಿಯೆಗೆ 'ಯೂಟ್ರೊಫಿಕೇಷನ್' ಎನ್ನುತ್ತಾರೆ. ಈ ಪದದ ಗ್ರೀಕ್ ಮೂಲಕ್ಕೆ 'ಚೆನ್ನಾಗಿ ಉಣಿಸುವುದು' ಎಂಬ ಅರ್ಥವಿದೆ. ಅತಿಯಾಗಿ ಉಂಡು ಕೆರೆ ಸಾಯುತ್ತದೆ ಎಂದು ಒಮ್ಮೆ ಅಂದುಕೊಂಡರೆ ಪದದ ಉದ್ದ ಭಯ ಹುಟ್ಟಿಸುವುದಿಲ್ಲ.

ಕರಾವಳಿಯವರು ಕೆರೆಯ ಬದಲು ಅಳಿವೆಯನ್ನು ಆರಿಸಿಕೊಳ್ಳಬಹುದು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಯ ದಂಡೆಯಲ್ಲಿ ನಿಂತರೆ 'ಎಸ್ಚುರಿ', ಕಾಂಡ್ಲಾ ಕಾಡಿಗೆ 'ಮ್ಯಾಂಗ್ರೋವ್', ಉಬ್ಬರವಿಳಿತಕ್ಕೆ 'ಟೈಡ್', ಸಿಹಿನೀರೂ ಅಲ್ಲದ ಪೂರ್ತಿ ಉಪ್ಪುನೀರೂ ಅಲ್ಲದ ಸವುಳು ನೀರಿಗೆ 'ಬ್ರ್ಯಾಕಿಷ್', ಚಿಪ್ಪಿ ಹೆಕ್ಕುವವರ ಬುಟ್ಟಿಯಲ್ಲಿರುವುದಕ್ಕೆ 'ಬೈವಾಲ್ವ್', ಹೀಗೆ ಒಂದು ಬೆಳಗಿಗೆ ಸಾಕಾಗುವಷ್ಟು ಸಿಗುತ್ತದೆ.

ಎರಡನೆಯ ಹೆಜ್ಜೆ: 'ಕಾಡು' ಎಂಬ ಒಂದೇ ಮಾತನ್ನು ಬಿಡಿಸಿ ನೋಡಿ

ಕನ್ನಡದಲ್ಲಿ ಕಾಡು, ಅಡವಿ, ಕಾನು, ಹಾಡಿ, ಬನ, ಕುರುಚಲು ಎಂದು ಎಷ್ಟೊಂದು ಪದಗಳಿದ್ದರೂ, ಇಂಗ್ಲಿಷಿಗೆ ಹೋಗುವಾಗ ಎಲ್ಲವನ್ನೂ 'ಫಾರೆಸ್ಟ್' ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಕೊಡಗಿನ ದೇವರ ಕಾಡು, ಕರಾವಳಿಯ ನಾಗಬನ, ಇವು 'ಸೇಕ್ರೆಡ್ ಗ್ರೋವ್'. ಚಿತ್ರದುರ್ಗದ ಕಡೆಯ ಕುರುಚಲು ಕಾಡು 'ಸ್ಕ್ರಬ್'. ಮಲೆನಾಡಿನ ಕಾನು 'ಎವರ್‌ಗ್ರೀನ್ ಫಾರೆಸ್ಟ್'. ಬೇಸಿಗೆಯಲ್ಲಿ ಎಲೆ ಉದುರಿಸುವ ಬಂಡೀಪುರದ ಕಾಡು 'ಡಿಸಿಡ್ಯುಅಸ್'. ಎತ್ತರದ ಬೆಟ್ಟಗಳ ಮಡಿಲಲ್ಲಿ ಹುಲ್ಲುಗಾವಲಿನ ನಡುವೆ ಇರುವ ಶೋಲಾ ಕಾಡನ್ನು ಇಂಗ್ಲಿಷಿನಲ್ಲೂ 'ಶೋಲಾ' ಎಂದೇ ಕರೆಯುತ್ತಾರೆ. 'ಜಂಗಲ್' ಎಂಬ ಪದದ ಕಥೆಯಂತೂ ತಲೆಕೆಳಗಾಗಿದೆ: ಸಂಸ್ಕೃತದ 'ಜಾಂಗಲ' ಒಣ ಪ್ರದೇಶವನ್ನು ಸೂಚಿಸುತ್ತಿತ್ತು, ಆಯುರ್ವೇದದ ಗ್ರಂಥಗಳಲ್ಲಿ ಇಂದಿಗೂ ಅದೇ ಅರ್ಥ; ಅದು ಹಿಂದಿಯ ಮೂಲಕ ಇಂಗ್ಲಿಷಿಗೆ ಹೋಗಿ ದಟ್ಟವಾದ, ಹಸಿಯಾದ ಕಾಡಾಯಿತು. ಔಪಚಾರಿಕ ಬರವಣಿಗೆಯಲ್ಲಿ ಜಂಗಲ್ ಬೇಡ, ಫಾರೆಸ್ಟ್ ಇರಲಿ.

ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಪದಗಳನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ ಧೈರ್ಯ ಬರುತ್ತದೆ. ನಮ್ಮ ತೇಗದ ಬಂಧುವಾದ ಮಲಯಾಳದ 'ತೇಕ್ಕ್' ಪೋರ್ಚುಗೀಸರ ಬಾಯಿಂದ 'ಟೀಕ್' ಆಯಿತು. ನಮ್ಮ ಮುಂಗುಸಿಯ ಬಂಧುವಾದ ಮರಾಠಿಯ 'ಮುಂಗೂಸ್' ಇಂಗ್ಲಿಷಿನಲ್ಲಿ 'ಮಾಂಗೂಸ್' ಆಯಿತು. ಹೆಗ್ಗಣಕ್ಕಿರುವ 'ಬ್ಯಾಂಡಿಕೂಟ್' ತೆಲುಗಿನ 'ಪಂದಿಕೊಕ್ಕು'. ಒಂದು ಸಣ್ಣ ಎಚ್ಚರಿಕೆ: ಮಾಂಗೂಸ್‌ನ ಬಹುವಚನ 'ಮಾಂಗೂಸಸ್'. 'ಗೂಸ್' ಎಂಬುದು 'ಗೀಸ್' ಆಗುತ್ತದೆಂದು ಇದನ್ನು 'ಮಾಂಗೀಸ್' ಮಾಡಬಾರದು.

ಮೂರನೆಯ ಹೆಜ್ಜೆ: ಪದಗಳನ್ನು ಮನೆತನವಾಗಿ ಕಲಿಯಿರಿ

'ಇಕಾಲಜಿ' ಎಂಬ ಪದವನ್ನು 1866ರಲ್ಲಿ ಟಂಕಿಸಿದವರು ಜರ್ಮನಿಯ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್. ಅದರ ಮೊದಲ ಭಾಗವಾದ ಗ್ರೀಕಿನ 'ಓಯ್ಕೋಸ್' ಎಂದರೆ ಮನೆ. 'ಇಕಾನಮಿ'ಯಲ್ಲಿರುವುದೂ ಅದೇ ಮನೆ. 1935ರಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ 'ಇಕೋಸಿಸ್ಟಮ್' ಎಂಬ ಪದವನ್ನು ಬಳಕೆಗೆ ತಂದರು. ಹೀಗೆ 'ಇಕೋ', 'ಬಯೋ' (ಜೀವ), 'ಹೈಡ್ರೋ' (ನೀರು), 'ಜಿಯೋ' (ಭೂಮಿ) ಎಂಬ ನಾಲ್ಕು ತಲೆಗಳನ್ನು ಹಿಡಿದುಕೊಂಡರೆ ಹತ್ತಾರು ಪದಗಳು ಬೆನ್ನಿಗೆ ಬರುತ್ತವೆ. ಬಾಲದ ಕಡೆಯಿಂದಲೂ ಹೀಗೆಯೇ: 'ಸೈಡ್' ಎಂದು ಕೊನೆಗೊಳ್ಳುವ 'ಪೆಸ್ಟಿಸೈಡ್', 'ಹರ್ಬಿಸೈಡ್', 'ಫಂಜಿಸೈಡ್'ಗಳಲ್ಲಿ ಕೊಲ್ಲುವ ಲ್ಯಾಟಿನ್ ಧಾತುವಿದೆ, 'ವೋರ್' ಎಂದು ಕೊನೆಗೊಳ್ಳುವ 'ಹರ್ಬಿವೋರ್', 'ಕಾರ್ನಿವೋರ್', 'ಆಮ್ನಿವೋರ್'ಗಳಲ್ಲಿ ನುಂಗುವ ಧಾತುವಿದೆ.

ಒಂದು ಮನೆತನವನ್ನು ಪೂರ್ತಿಯಾಗಿ ಬರೆಯುವುದು ಹೇಗೆಂದು ತೋರಿಸುತ್ತೇನೆ. 'ಪೊಲ್ಯೂಟ್' ಕ್ರಿಯಾಪದ, 'ಪೊಲ್ಯೂಷನ್' ಮಾಲಿನ್ಯ, 'ಪೊಲ್ಯೂಟೆಂಟ್' ಮಾಲಿನ್ಯ ಉಂಟುಮಾಡುವ ವಸ್ತು, 'ಪೊಲ್ಯೂಟರ್' ಅದನ್ನು ಬಿಟ್ಟ ಮನುಷ್ಯ ಅಥವಾ ಸಂಸ್ಥೆ, 'ಪೊಲ್ಯೂಟೆಡ್' ಮಲಿನಗೊಂಡದ್ದು. ಇದರ ಕೆಳಗೆ, ಬೇಕೆಂದೇ, ನೋಟಕ್ಕೆ ಹೋಲುವ ಇನ್ನೊಂದು ಮನೆತನವನ್ನು ಬರೆಯಿರಿ: 'ಪಾಲನ್' ಪರಾಗ, 'ಪಾಲಿನೇಟ್', 'ಪಾಲಿನೇಷನ್' ಪರಾಗಸ್ಪರ್ಶ, 'ಪಾಲಿನೇಟರ್' ಜೇನ್ನೊಣವೋ ಚಿಟ್ಟೆಯೋ ಬಾವಲಿಯೋ. ಈ ಎರಡನ್ನು ಅದಲುಬದಲು ಮಾಡಿ, ಜೇನ್ನೊಣಗಳು ಹೊಲವನ್ನು ಮಲಿನಗೊಳಿಸುತ್ತವೆ ಎಂಬ ಅರ್ಥ ಬರುವಂತೆ ಬರೆದ ಉತ್ತರಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ. ಹಾಗೆಯೇ 'ಡಿಫಾರೆಸ್ಟೇಷನ್' ಕಾಡಿನ ನಾಶ, 'ರೀಫಾರೆಸ್ಟೇಷನ್' ಕಾಡು ಕಳೆದುಕೊಂಡ ಜಾಗದಲ್ಲಿ ಮತ್ತೆ ಬೆಳೆಸುವುದು, 'ಅಫಾರೆಸ್ಟೇಷನ್' ಬಹುಕಾಲದಿಂದ ಕಾಡಿಲ್ಲದ ಜಾಗದಲ್ಲಿ ಹೊಸದಾಗಿ ಬೆಳೆಸುವುದು. ಕನ್ನಡದಲ್ಲಿ ಕೊನೆಯ ಎರಡಕ್ಕೂ ಅರಣ್ಯೀಕರಣ ಎಂದೇ ಹೇಳಿ ಮುಗಿಸುವ ರೂಢಿ ಇರುವುದರಿಂದ ಈ ಭೇದ ಕೈತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಪದವನ್ನಲ್ಲ, ಜೋಡಿಯನ್ನು ಬರೆದುಕೊಳ್ಳಿ

ಕನ್ನಡದಲ್ಲಿ ಆರ್ಟಿಕಲ್ ಇಲ್ಲವಾದ್ದರಿಂದ ನಾವು ಎಡವುವುದು ಹೆಚ್ಚಾಗಿ ಇಲ್ಲಿ. 'ಎನ್ವಿರಾನ್ಮೆಂಟ್' ಎಂಬುದು ಒಟ್ಟು ಪರಿಸರ ಎಂಬ ಅರ್ಥದಲ್ಲಿ ಬಂದಾಗ ಅದರ ಮುಂದೆ 'ದಿ' ಬೇಕೇ ಬೇಕು. 'ನೇಚರ್' ಎಂಬುದು ನಿಸರ್ಗ ಎಂಬ ಅರ್ಥದಲ್ಲಿ ಬಂದಾಗ ಅದರ ಮುಂದೆ 'ದಿ' ಕೂಡದು. 'ವಿ ಮಸ್ಟ್ ಪ್ರೊಟೆಕ್ಟ್ ದಿ ಎನ್ವಿರಾನ್ಮೆಂಟ್' ಸರಿ, 'ವಿ ಮಸ್ಟ್ ಪ್ರೊಟೆಕ್ಟ್ ನೇಚರ್' ಸರಿ. 'ಪ್ರೊಟೆಕ್ಟ್ ದಿ ನೇಚರ್' ತಪ್ಪು. 'ವೈಲ್ಡ್‌ಲೈಫ್', 'ಪೊಲ್ಯೂಷನ್' ಪದಗಳಿಗೆ ಬಹುವಚನವಿಲ್ಲ. ವನ್ಯಜೀವಿಗಳು ಎಂಬ ನಮ್ಮ ಬಹುವಚನವನ್ನು ನೆನೆದು 'ವೈಲ್ಡ್‌ಲೈಫ್ಸ್' ಎನ್ನಬಾರದು. 'ಸ್ಪೀಶೀಸ್' ಏಕವಚನದಲ್ಲೂ ಬಹುವಚನದಲ್ಲೂ ಸ್ಪೀಶೀಸ್ ಆಗಿಯೇ ಇರುತ್ತದೆ. 'ಆಲ್ಜಿ' ಬಹುವಚನ, ಅದರ ಏಕವಚನ 'ಆಲ್ಗ' ಪಠ್ಯಪುಸ್ತಕದ ಹೊರಗೆ ಕಾಣಸಿಗುವುದು ಅಪರೂಪ.

ಕ್ರಿಯಾಪದಗಳ ಜೋಡಿ ಇನ್ನೂ ಮುಖ್ಯ. ಮರವನ್ನು 'ಫೆಲ್' ಮಾಡುತ್ತಾರೆ, ಕಾಡನ್ನು 'ಕ್ಲಿಯರ್' ಮಾಡುತ್ತಾರೆ, ಕಸವನ್ನು 'ಡಂಪ್' ಮಾಡುತ್ತಾರೆ, ಹೊಗೆಯನ್ನು 'ಎಮಿಟ್' ಮಾಡುತ್ತಾರೆ, ಎಫ್ಲುಯೆಂಟನ್ನು 'ಡಿಸ್ಚಾರ್ಜ್' ಮಾಡುತ್ತಾರೆ, ಪ್ರಾಣಿಯನ್ನು ಕದ್ದು ಬೇಟೆಯಾಡಿದರೆ 'ಪೋಚ್'. ಅಂತರ್ಜಲ 'ಡಿಪ್ಲೀಟ್' ಆಗುತ್ತದೆ, ಇಂಗುಗುಂಡಿಯಿಂದ 'ರೀಚಾರ್ಜ್' ಆಗುತ್ತದೆ. ಬೋರ್‌ವೆಲ್ ಕೊರೆಸಿದ ಯಾವ ರೈತರಿಗೂ ಈ ಕೊನೆಯ ಎರಡರ ಅರ್ಥ ವಿವರಿಸಬೇಕಾಗಿಲ್ಲ. 'ವಿಂಟರ್' ಎಂಬುದು ಕ್ರಿಯಾಪದವೂ ಹೌದು: ಹಿಮಾಲಯದಾಚೆಯಿಂದ ಬರುವ 'ಬಾರ್-ಹೆಡೆಡ್ ಗೀಸ್' ಎಂಬ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುತ್ತವೆ ಎನ್ನಲು, ಅವು ಅಲ್ಲಿ 'ವಿಂಟರ್' ಮಾಡುತ್ತವೆ ಎಂಬ ಒಂದೇ ಪದ ಸಾಕು.

ಐದನೆಯ ಹೆಜ್ಜೆ: ಅಳತೆಗೋಲಿರುವ ಪದಗಳನ್ನು ಸಡಿಲವಾಗಿ ಬಳಸಬೇಡಿ

ಕೆಲವು ಪದಗಳು ಭಾವನೆಯ ಪದಗಳಂತೆ ಕಂಡರೂ ಅವುಗಳ ಹಿಂದೆ ಗೊತ್ತುಪಡಿಸಿದ ವ್ಯಾಖ್ಯೆ ಇರುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 'ವಲ್ನರಬಲ್', 'ಎಂಡೇಂಜರ್ಡ್', 'ಕ್ರಿಟಿಕಲಿ ಎಂಡೇಂಜರ್ಡ್' ಎಂಬುವು ಅಳಿವಿನ ಅಪಾಯದ ಏರುವ ಮೆಟ್ಟಿಲುಗಳು. ಚಿರತೆ, ಕಾಟಿ ಮೊದಲ ಮೆಟ್ಟಿಲಿನಲ್ಲಿವೆ. ಹುಲಿ, ಏಷ್ಯಾದ ಆನೆ, ಸಿಂಗಳೀಕ ಎರಡನೆಯದರಲ್ಲಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ 'ಗ್ರೇಟ್ ಇಂಡಿಯನ್ ಬಸ್ಟರ್ಡ್' ಹಕ್ಕಿ ಮೂರನೆಯದರಲ್ಲಿ. ಕಂಡಕಂಡ ಪ್ರಾಣಿಗೆಲ್ಲ ಎಂಡೇಂಜರ್ಡ್ ಎನ್ನುವವರು ಜಿಂಕೆಗೂ ನವಿಲಿಗೂ ಹಾಗೆಯೇ ಬರೆಯುತ್ತಾರೆ. ಅವೆರಡೂ 'ಲೀಸ್ಟ್ ಕನ್ಸರ್ನ್' ವರ್ಗದಲ್ಲಿವೆ. 'ಎಕ್ಸ್‌ಟಿಂಕ್ಟ್' ಎಂದರೆ ಭೂಮಿಯ ಮೇಲೆಯೇ ಇಲ್ಲವಾದದ್ದು, ಡೋಡೊ ಹಕ್ಕಿಯಂತೆ. ಭಾರತದಿಂದ ಮರೆಯಾಯಿತೆಂದು 1952ರಲ್ಲಿ ಘೋಷಿಸಲಾದ ಚೀತಾ ಆಫ್ರಿಕಾದಲ್ಲಿ ಬದುಕಿಯೇ ಇದ್ದುದರಿಂದ, ಅದು ಇಲ್ಲಿ 'ಲೋಕಲಿ ಎಕ್ಸ್‌ಟಿಂಕ್ಟ್' ಮಾತ್ರ ಆಗಿತ್ತು. 2022ರಲ್ಲಿ ನಮೀಬಿಯಾದಿಂದ ಅವನ್ನು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ತಂದದ್ದಕ್ಕೆ 'ಟ್ರಾನ್ಸ್‌ಲೊಕೇಷನ್' ಎನ್ನುತ್ತಾರೆ.

ಇಷ್ಟೇ ಎಚ್ಚರ ಬೇಡುವ ಇನ್ನೊಂದು ಗುಂಪು 'ನೇಟಿವ್', 'ಎಂಡೆಮಿಕ್', 'ಎಕ್ಸಾಟಿಕ್', 'ಇನ್ವೇಸಿವ್'. ಹೊಂಗೆ ನಮ್ಮಲ್ಲಿ ನೇಟಿವ್, ಆದರೆ ಬೇರೆ ದೇಶಗಳಲ್ಲೂ ಸಹಜವಾಗಿ ಬೆಳೆಯುವುದರಿಂದ ಎಂಡೆಮಿಕ್ ಅಲ್ಲ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲ, ಆದ್ದರಿಂದ ಎಂಡೆಮಿಕ್. ನಾವು ನೀಲಗಿರಿ ಎಂದು ಕರೆಯುವ ಮರ, ಹೆಸರು ಎಷ್ಟೇ ನಮ್ಮದಾಗಿದ್ದರೂ, ಆಸ್ಟ್ರೇಲಿಯಾ ಮೂಲದ ಎಕ್ಸಾಟಿಕ್. ಲಂಟಾನ ಎಕ್ಸಾಟಿಕ್ ಮಾತ್ರವಲ್ಲ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಕೆಳಹಂತದ ಸಸ್ಯಗಳನ್ನು ಒತ್ತರಿಸಿ ಹಬ್ಬಿರುವುದರಿಂದ ಇನ್ವೇಸಿವ್ ಕೂಡ. ಹೊರಗಿನಿಂದ ಬಂದದ್ದೆಲ್ಲ ಇನ್ವೇಸಿವ್ ಆಗುವುದಿಲ್ಲ ಎಂಬುದಕ್ಕೆ ಅಡುಗೆಮನೆಯ ಟೊಮೆಟೊ, ಮೆಣಸಿನಕಾಯಿಗಳೇ ಸಾಕ್ಷಿ.

ಆರನೆಯ ಹೆಜ್ಜೆ: ಗಟ್ಟಿಯಾಗಿ ಓದಿ

ಕಾಗುಣಿತ ನೋಡಿ ಉಚ್ಚರಿಸುವ ನಮ್ಮ ಅಭ್ಯಾಸ ಕನ್ನಡದಲ್ಲಿ ವರ, ಇಂಗ್ಲಿಷಿನಲ್ಲಿ ತೊಡಕು. ಚಿರತೆ 'ಲಿಯೋಪಾರ್ಡ್' ಅಲ್ಲ, 'ಲೆಪರ್ಡ್'. ಬರ 'ಡ್ರೌಟ್', ನೆರೆ 'ಫ್ಲಡ್', ಕಟ್ಟಡದ ಅವಶೇಷ 'ಡೆಬ್ರೀ'. ಇನ್ನೊಂದು ಸಮಸ್ಯೆ ಒತ್ತಿನದು. ಕನ್ನಡದಲ್ಲಿ ಪದದ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮಾನ ಬಲ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಬಲ ಬೀಳದಿದ್ದರೆ ಕೇಳುವವರಿಗೆ ಪದವೇ ಗುರುತು ಸಿಗುವುದಿಲ್ಲ. ಇದಕ್ಕೊಂದು ಸುಲಭ ಸೂತ್ರವಿದೆ: 'ಷನ್', 'ಇಕ್', 'ಇಕಲ್' ಎಂದು ಕೊನೆಯಾಗುವ ಪದಗಳಲ್ಲಿ ಬಹುಮಟ್ಟಿಗೆ ಅದರ ಹಿಂದಿನ ಅಕ್ಷರಕ್ಕೆ ಒತ್ತು ಬೀಳುತ್ತದೆ. ಹೀಗಾಗಿ 'ಕನ್ಸರ್ವೇಷನ್'ನಲ್ಲಿ 'ವೇ', 'ಎಂಡೆಮಿಕ್'ನಲ್ಲಿ 'ಡೆ'. ಈ ಸೂತ್ರಕ್ಕೆ ಸೇರದ 'ಇಕಾಲಜಿ'ಯಲ್ಲಿ ಒತ್ತು 'ಕಾ'ಗೆ. ಅದೇ 'ಇಕಲಾಜಿಕಲ್' ಆದಾಗ ಒತ್ತು 'ಲಾ'ಗೆ ಜರುಗುತ್ತದೆ. ನೋಟ್‌ಬುಕ್ಕಿನಲ್ಲಿ ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆದಿಡಿ.

ಏಳನೆಯ ಹೆಜ್ಜೆ: ಮರಳಿ ನೋಡುವ ವೇಳಾಪಟ್ಟಿ

ದಿನಕ್ಕೆ ಐದಾರು ಪದಗಳಿಗಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ನಿಮ್ಮ ಊರಿನ ಸಂಗತಿಯಿಂದಲೇ ಒಂದು ವಾಕ್ಯ ಬರೆಯಿರಿ. ಮರುದಿನ, ಮೂರು ದಿನದ ಬಳಿಕ, ವಾರದ ಬಳಿಕ, ತಿಂಗಳ ಬಳಿಕ ಆ ಪುಟಕ್ಕೆ ಮರಳಿ, ಇಂಗ್ಲಿಷ್ ಭಾಗವನ್ನು ಕೈಯಿಂದ ಮುಚ್ಚಿ ನೆನಪಿಸಿಕೊಳ್ಳಿ. ಕಲಿತದ್ದು ಮೊದಲ ದಿನಗಳಲ್ಲೇ ಅತಿ ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹೆರ್ಮಾನ್ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ಸುಮ್ಮನೆ ಮತ್ತೆ ಓದುವುದಕ್ಕಿಂತ ಮುಚ್ಚಿ ನೆನಪಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ.

ತಿಂಗಳಾದ ಮೇಲೆ ನಿಮ್ಮ ಜಿಲ್ಲೆಯ ಕೆರೆಯನ್ನೋ ಕಾಡನ್ನೋ ಕುರಿತ ಒಂದು ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. 'ಒತ್ತುವರಿ' ಇದ್ದಲ್ಲಿ 'ಎನ್‌ಕ್ರೋಚ್‌ಮೆಂಟ್', 'ರಾಜಕಾಲುವೆ' ಇದ್ದಲ್ಲಿ 'ಸ್ಟಾರ್ಮ್‌ವಾಟರ್ ಡ್ರೇನ್', 'ಮೀನುಗಳ ಮಾರಣಹೋಮ' ಇದ್ದಲ್ಲಿ 'ಫಿಶ್ ಕಿಲ್' ಎಂದು ಕಾಣುವ ಜಾಗಗಳಲ್ಲಿ ಪೆನ್ಸಿಲ್ ಗುರುತು ಹಾಕಿ. ಬಳಿಕ ಎರಡೂ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು, ಆ ಸುದ್ದಿಯನ್ನು ಹತ್ತು ಸಾಲಿನ ಇಂಗ್ಲಿಷಿನಲ್ಲಿ ನೀವೇ ಬರೆಯಿರಿ. ಬರೆದದ್ದರಲ್ಲಿ 'ನೇಚರ್' ಎಂಬ ಪದ ಬಂದಿದ್ದರೆ, ಅದರ ಮುಂದೆ 'ದಿ' ನುಸುಳಿದೆಯೇ ಎಂದು ಮೊದಲು ನೋಡಿಕೊಳ್ಳಿ.